ಬೆನಿನ್ ಗೇರುಬೀಜ: ಮಾಲಿಗೆ ನಾಲ್ಕು ಸ್ಟಾರ್, ಸಿಗುವುದಕ್ಕೆ ಒಂದೇ

ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಫ್ಯಾಕ್ಟರಿ. ಊರಿನ ಬೀಜ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಬರುತ್ತದೆ, ಅಷ್ಟೇ. ಅದನ್ನೇ ನಂಬಿ ಕೂತರೆ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಬಾಗಿಲು ಹಾಕಬೇಕು. ಹಾಗಾಗಿ ಪಣಂಬೂರಿನ ಬಂದರಿಗೆ ಇಳಿಯುವ ಆಫ್ರಿಕಾದ ಕಚ್ಚಾ ಬೀಜವೇ ಗತಿ. ಐವರಿ ಕೋಸ್ಟ್, ಘಾನಾ, ಗಿನಿ ಬಿಸಾವ್, ನೈಜೀರಿಯಾ, ಬೆನಿನ್ ಎಲ್ಲವನ್ನೂ ಬೇಯಿಸಿ, ಒಡೆದು ನೋಡಿದ್ದೇವೆ. ಹೊಸದಾಗಿ ಫ್ಯಾಕ್ಟರಿ ಹಾಕುವವರು ಯಾವ ದೇಶದ್ದು ಒಳ್ಳೇದು ಅಂತ ಕೇಳುತ್ತಲೇ ಇರುತ್ತಾರೆ. ನನ್ನ ಮಟ್ಟಿಗೆ ಬೆನಿನ್. ಯಾಕೆ ಅಂತಲೂ ಹೇಳುತ್ತೇನೆ, ಅದನ್ನೇ ನಂಬಿ ವ್ಯಾಪಾರ ಯಾಕೆ ಕಟ್ಟಬಾರದು ಅಂತಲೂ ಹೇಳುತ್ತೇನೆ.

ಮೊದಲು ಬೀಜದ ಮಾತು. ಲೋಡ್ ಬಂದ ಕೂಡಲೇ ನಾವು ಮಾಡುವುದು ಕಟಿಂಗ್ ಟೆಸ್ಟ್. ಬೇರೆ ಬೇರೆ ಚೀಲಗಳಿಂದ, ಮೇಲಿನಿಂದಲೂ ತಳದಿಂದಲೂ ಒಂದೊಂದು ಹಿಡಿ ತೆಗೆದು ಕಲಸಿ, ಸರಿಯಾಗಿ ಒಂದು ಕೆಜಿ ತೂಗುವುದು. ಆಮೇಲೆ ಎಣಿಸುವುದು. ಬೆನಿನ್ ಮಾಲು ನಮಗೆ ಸಾಮಾನ್ಯವಾಗಿ ಕೆಜಿಗೆ 180ರಿಂದ 200 ಬೀಜ ಬಂದಿದೆ. ಎಣಿಸಿದ ಮೇಲೆ ಒಂದೊಂದನ್ನೂ ಉದ್ದಕ್ಕೆ ಸೀಳಿ ತಿರುಳು ಬಿಡಿಸಬೇಕು. ಒಳ್ಳೆಯದು ಒಂದು ಕಡೆ, ಚುಕ್ಕೆ ಬಿದ್ದದ್ದು ಮತ್ತು ಬಲಿಯದೆ ಮುರುಟಿದ್ದು ಇನ್ನೊಂದು ಕಡೆ, ಪೂರ್ತಿ ಹಾಳಾದದ್ದು ಬುಟ್ಟಿಗೆ. ಈ ಎರಡನೇ ರಾಶಿಗೆ ಅರ್ಧ ತೂಕ ಮಾತ್ರ ಲೆಕ್ಕ. ಒಳ್ಳೆಯದು 265 ಗ್ರಾಂ, ಎರಡನೇದು 20 ಗ್ರಾಂ ಬಂತು ಅಂತಿಟ್ಟುಕೊಳ್ಳಿ, ಒಟ್ಟು 275 ಆಯಿತು. ಅದನ್ನು 0.1764ರಿಂದ ಗುಣಿಸಿದರೆ 48.5. ಅಂದರೆ 80 ಕೆಜಿಯ ಚೀಲದಲ್ಲಿ 48.5 ಪೌಂಡ್ ತಿರುಳು, ಸುಮಾರು 22 ಕೆಜಿ. ಔಟ್‌ಟರ್ನ್ ಅನ್ನೋದು ಇದನ್ನೇ. ಇಡೀ ವ್ಯಾಪಾರ ನಿಂತಿರುವುದು ಈ ಒಂದು ಸಂಖ್ಯೆಯ ಮೇಲೆ. ಮಾರುವವನ ಕಾಗದದಲ್ಲಿ ಎಷ್ಟೇ ಬರೆದಿರಲಿ, ನಿಮ್ಮ ಕೈಯಲ್ಲಿ ಸೀಳಿ ನೋಡುವವರೆಗೆ ಅದು ಬರೀ ಮಾತು.

ಬೆನಿನ್ ಬೀಜ ನಮ್ಮಲ್ಲಿ 47ಕ್ಕೂ 49ಕ್ಕೂ ನಡುವೆ ಆಡುತ್ತದೆ. ಗಿನಿ ಬಿಸಾವ್‌ದು 50 ದಾಟುತ್ತದೆ. ಹಾಗಾದರೆ ಅದೇ ಮೇಲಲ್ವಾ? ತಿರುಳಿನಲ್ಲಿ ಹೌದು. ಆದರೆ ಬೆಲೆಯೂ ಅದಕ್ಕೆ ತಕ್ಕ ಹಾಗೆ ಏರಿಯೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿನ ಕೊಯ್ಲು ತಡ. ಮಾಲು ನಮ್ಮ ಅಂಗಳಕ್ಕೆ ಬರುವಾಗ ಆಟಿಯ ಮಳೆ ಸುರಿಯುತ್ತಿರುತ್ತದೆ. ಬೆನಿನ್‌ನಲ್ಲಿ ಫೆಬ್ರವರಿಯಲ್ಲೇ ಬೀಜ ಬೀಳಲು ಶುರು. ಪರಾಕು ಕಡೆಯಿಂದ ಕೊಟೊನೂ ಬಂದರಿಗೆ ಬೇಗ ಇಳಿದ ಮಾಲು ಮಳೆಗೆ ಮುಂಚೆ ನಮಗೆ ಸಿಗುತ್ತಿತ್ತು. ಅಂಗಳದಲ್ಲಿ ಹರಡಿ ಎರಡು ಒಳ್ಳೆ ಬಿಸಿಲು ಕಾಣಿಸಿದರೆ ವರ್ಷವಿಡೀ ಗೋದಾಮಿನಲ್ಲಿ ನಿಶ್ಚಿಂತೆ. ನಮ್ಮಂಥ ಡ್ರೈಯರ್ ಇಲ್ಲದ ಫ್ಯಾಕ್ಟರಿಗೆ ಎರಡು ಪೌಂಡ್ ತಿರುಳಿಗಿಂತ ಎರಡು ಬಿಸಿಲು ದೊಡ್ಡದು.

ಒಡೆಯುವ ಅಕ್ಕಂದಿರಿಗೂ ಇದೇ ಇಷ್ಟ. ಬೀಜದ ಗಾತ್ರದಲ್ಲಿ ಹೆಚ್ಚು ಏರುಪೇರು ಇಲ್ಲ, ಹಾಗಾಗಿ ಬ್ಲೇಡು ಪದೇ ಪದೇ ಸರಿಮಾಡುವ ಕೆಲಸ ಇಲ್ಲ. ‘ಇದು ಬೆನಿನ್ನೇ ಅಲ್ವಾ ಅಣ್ಣಾ?’ ಅಂತ ಚೀಲದ ಗುರುತು ನೋಡದೆ ಹೇಳುವವರಿದ್ದಾರೆ. ತಿರುಳು ಒಣಗಿಸುವ ಬಿಸಿ ಗೂಡು, ಅಂದರೆ ಬೋರ್ಮಾದಿಂದ ಹೊರಬಂದ ಮೇಲೆ ಸಿಪ್ಪೆಯೂ ಸಲೀಸಾಗಿ ಬಿಡುತ್ತದೆ. ಹೆಚ್ಚಿನ ತಿರುಳು 320 ಗ್ರೇಡಿಗೆ, ಅಂದರೆ ಪೌಂಡಿಗೆ ಸುಮಾರು 320 ತೂಗುವ ಗಾತ್ರಕ್ಕೆ, ಬೀಳುತ್ತದೆ. ಅಂಗಡಿಯವರು ಕೇಳುವುದೂ ಅದನ್ನೇ.

ಇನ್ನೊಂದು ಲಾಭ ಸುಂಕದ್ದು. 2008ರಲ್ಲಿ ದೆಹಲಿಯಲ್ಲಿ ಮೊದಲ ಭಾರತ–ಆಫ್ರಿಕಾ ಶೃಂಗಸಭೆ ನಡೆದಾಗ, ತೀರಾ ಹಿಂದುಳಿದ ದೇಶಗಳ ಮಾಲಿಗೆ ಸುಂಕ ವಿನಾಯಿತಿ ಕೊಡುವ ಯೋಜನೆಯನ್ನು ಮನಮೋಹನ್ ಸಿಂಗ್ ಘೋಷಿಸಿದ್ದರು. ಗೇರುಬೀಜದ ಹೆಸರನ್ನೂ ಅವತ್ತೇ ಹೇಳಿದ್ದರು. ಬೆನಿನ್ ಆ ಪಟ್ಟಿಯಲ್ಲಿದೆ, ಐವರಿ ಕೋಸ್ಟ್ ಇಲ್ಲ. ಅಲ್ಲಿಂದ ತಂದರೆ ಸುಂಕ ಕಟ್ಟಬೇಕು. ಸುಂಕದ ದರ ಕೇಳಲು ಸಣ್ಣದು. ಆದರೆ ನಮ್ಮ ಲಾಭವೂ ಅಷ್ಟೇ ಸಣ್ಣದು.

ಒಂದು ಸ್ಟಾರ್ ಕಡಿತ ಯಾಕೆ ಅಂದರೆ ತೇವಕ್ಕೆ. ಒಂದು ಕಂಟೇನರಿನ ಬಾಗಿಲು ತೆಗೆದಾಗಲೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಗೋಡೆಗೆ ತಾಗಿದ ಸೆಣಬಿನ ಚೀಲಗಳೆಲ್ಲ ಕಪ್ಪಾಗಿದ್ದವು. ಒಳಗೆ ಕಾಗದ ಹೊದಿಸದೆ, ತೇವ ಹೀರುವ ಪೊಟ್ಟಣ ನೇತುಹಾಕದೆ ಕಳಿಸಿದರೆ ಕಂಟೇನರಿನ ಸೂರೇ ಬೆವರಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಮಾರಿದವರು ‘ಲೋಡ್ ಮಾಡುವಾಗ ಒಣಗಿತ್ತು’ ಅಂದರು. ಪರಿಹಾರ ಅಂತ ಸಿಕ್ಕಿದ್ದು ಒಂದು ಉದ್ದನೆಯ ಇಮೇಲ್. ಹೆಸರು ಬೇಡ. ಅಂದಿನಿಂದ ಲೋಡ್ ಮಾಡುವಾಗಿನ ಫೋಟೊ ಬರದೆ ನಾವು ದುಡ್ಡು ಬಿಡುವುದಿಲ್ಲ.

ಈಗ ಎರಡನೇ ಭಾಗ, ಸಿಗುವುದು. 2019ರಲ್ಲಿ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಬೆನಿನ್‌ಗೆ ಹೋಗಿದ್ದರು, 10 ಕೋಟಿ ಡಾಲರ್ ಸಾಲದ ನೆರವು ಘೋಷಣೆಯಾಯಿತು. ನಮಗೆಲ್ಲ ಖುಷಿ, ಇನ್ನು ಮಾಲು ಸರಾಗ ಅಂತ. ಆದರೆ ಅಲ್ಲಿನ ಆಗಿನ ಅಧ್ಯಕ್ಷ ಪಾಟ್ರಿಸ್ ತಲೋ ಸರ್ಕಾರದ ಲೆಕ್ಕವೇ ಬೇರೆ ಇತ್ತು. 2024ರ ಏಪ್ರಿಲ್ 1ರಿಂದ ಕಚ್ಚಾ ಗೇರುಬೀಜ ಹೊರಗೆ ಕಳಿಸುವುದನ್ನೇ ನಿಲ್ಲಿಸಿದರು. ಕೊಟೊನೂದಿಂದ ಸುಮಾರು 45 ಕಿ.ಮೀ. ದೂರದ ಗ್ಲೋ-ಜಿಗ್ಬೆಯಲ್ಲಿ ದೊಡ್ಡ ಕೈಗಾರಿಕಾ ವಲಯ ಕಟ್ಟಿದ್ದಾರೆ, ಬೀಜ ಅಲ್ಲೇ ಒಡೆಯಬೇಕಂತೆ. ತಮಾಷೆ ನೋಡಿ, ಆ ವಲಯದಲ್ಲಿ ಬೆನಿನ್ ಸರ್ಕಾರದ ಪಾಲುದಾರ ಅರೈಸ್ ಕಂಪನಿಯನ್ನು ಕಟ್ಟಿದವರು ಭಾರತ ಮೂಲದ ಗಗನ್ ಗುಪ್ತಾ!

ನಮ್ಮಲ್ಲಿ ಕೆಲವರು ಬೆನಿನ್‌ನವರನ್ನು ಬೈಯುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ ನಿಜ, ಬೈಯಲು ಬಾಯಿ ಬರುವುದಿಲ್ಲ. ಅವರು ಒಡೆದು ತಿರುಳು ಕಳಿಸುತ್ತೇವೆ ಅಂದರೆ ನಾವು ಬಾಗಿಲು ತೆಗೆದಿದ್ದೇವಾ? 2019ರಲ್ಲೇ ಇಡೀ ತಿರುಳಿಗೆ ಕೆಜಿಗೆ 720 ರೂಪಾಯಿ, ತುಂಡಿಗೆ 680 ಅಂತ ಕನಿಷ್ಠ ಆಮದು ಬೆಲೆ ಕಟ್ಟಿದವರು ನಾವು. ಆ ನಿಯಮ ಇಲ್ಲದಿದ್ದರೆ ನನ್ನಂಥವರು ಎಂದೋ ಮುಚ್ಚುತ್ತಿದ್ದರು, ಅದು ಬೇರೆ ಮಾತು. ಅಕ್ಕಿಯದ್ದೂ ಅದೇ ಕಥೆ. ನಮ್ಮ ಬಾಸ್ಮತಿಯೇತರ ಅಕ್ಕಿಯ ದೊಡ್ಡ ಗಿರಾಕಿಗಳಲ್ಲಿ ಬೆನಿನ್ ಒಂದು. 2023ರ ಜುಲೈಯಲ್ಲಿ ಬೆಳ್ತಿಗೆ ಅಕ್ಕಿ ರಫ್ತು ನಿಲ್ಲಿಸಿ, ಮರುತಿಂಗಳು ಕುಚ್ಚಲಕ್ಕಿಗೆ ಶೇ. 20 ಸುಂಕ ಹಾಕಿದ್ದು ದೆಹಲಿ. ಕೊಟೊನೂದ ಅಕ್ಕಿ ವ್ಯಾಪಾರಿಯೂ ಅವತ್ತು ನಮಗೆ ಏನೋ ಅಂದಿರಬೇಕು.

ಹಾಗಾಗಿ ಈಗ ನಾವು ಐವರಿ ಕೋಸ್ಟ್ ಬೀಜ ಮುಂಚೆ, ಗಿನಿ ಬಿಸಾವ್ ಆಮೇಲೆ ತರಿಸುತ್ತಿದ್ದೇವೆ. ಖರ್ಚು ಜಾಸ್ತಿ, ಆದರೂ ಫ್ಯಾಕ್ಟರಿ ನಡೆಯುತ್ತದೆ. ಹೊಸಬರಿಗೆ ಒಂದೇ ಕಿವಿಮಾತು: ಯಾರಾದರೂ ಫೋನ್ ಮಾಡಿ ‘ಬೆನಿನ್ ಮಾಲಿದೆ, ಕಡಿಮೆಗೆ ಕೊಡುತ್ತೇನೆ’ ಅಂದರೆ ಸ್ಯಾಂಪಲ್‌ಗಿಂತ ಮೊದಲು ಮೂಲ ದೇಶದ ಪ್ರಮಾಣಪತ್ರ ಕೇಳಿ. ಚೀಲದಲ್ಲಿ ಒಂದು ದೇಶ, ಕಾಗದದಲ್ಲಿ ಇನ್ನೊಂದು ದೇಶ ಇದ್ದರೆ ಕಂಟೇನರ್ ಕಸ್ಟಮ್ಸ್‌ನಲ್ಲೇ ಕೂರುತ್ತದೆ. ಹಾಗೆ ಕೂತಷ್ಟು ದಿನದ ದಂಡ, ಅಂದರೆ ಡೆಮರೇಜ್, ಕಟ್ಟುವವರು ನೀವು.