ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ರೆ ಚೂರ್ಣ ಕುಡೀಬೇಡಿ

11 ವರ್ಷ ಮಲಬದ್ಧತೆಗೆ ಅಂತ ದಿನಾ ರಾತ್ರಿ ಊಟ ಆದ್ಮೇಲೆ ಬಿಸಿನೀರಿಗೆ ಚೂರ್ಣ ಕದಡಿ ಕುಡಿದವನು ನಾನು. ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಸೋನಾಮುಖಿ ಅಂತಿತ್ತು. ಅದು ಭೇದಿ ಎಲೆ ಅಂತ ಗೊತ್ತಿರಲಿಲ್ಲ. ಒಂದು ಚಮಚ ಮೂರಾಯ್ತು, ಆದ್ರೂ ನಾಲ್ಕು ದಿನಕ್ಕೊಮ್ಮೆ ಕಕ್ಕಸು. "ಮುದ್ದೆ, ಸೊಪ್ಪಿನ ಸಾರು ತಿನ್ನೋನಿಗೆ ಇದೇನೋ ರೋಗ" ಅಂತ ಅಮ್ಮ ಬೈಯೋರು. ನಡುವೆ ಒಬ್ಬ ಡಾಕ್ಟರಿಗೆ ತೋರಿಸಿದ್ದೆ. ಹೊಟ್ಟೆ ಮುಟ್ಟಿಯೂ ನೋಡದೆ ಸಿರಪ್ ಬರೆದು ಕಳಿಸಿದ್ರು.

ಹೋದ ವರ್ಷ ಶಿವರಾತ್ರಿ ಆದ ವಾರ, ತಿಪಟೂರು ಮಂಡಿಗೆ ಕೊಬ್ಬರಿ ಹಾಕಿ ಬಂದ ರಾತ್ರಿ ಹೊಟ್ಟೆ ತಮಟೆ ಥರ ಬಿಗಿದುಕೊಳ್ತು. ಬೆರಳಲ್ಲಿ ತಟ್ಟಿದ್ರೆ ಡಬಡಬ ಸದ್ದು. ಒಂದು ಹೂಸೂ ಇಲ್ಲ. ಮೆಡಿಕಲ್ ಸ್ಟೋರ್ ಹುಡುಗ "ಗ್ಯಾಸ್ ಅಣ್ಣ" ಅಂತ ಮಾತ್ರೆ ಕೊಟ್ಟ. ಅದರ ಮೇಲೆ ನಾನು ನಾಲ್ಕು ಚಮಚ ಚೂರ್ಣ ಏರಿಸಿದೆ. ಎಡವಟ್ಟಾಗಿದ್ದೇ ಅಲ್ಲಿ. ಬೆಳಗಿನ ಜಾವಕ್ಕೆ ವಾಂತಿ, ತಡೀಲಾರದ ನೋವು. ಭಾವ ಕಾರಲ್ಲಿ ಹಾಕ್ಕೊಂಡು ತುಮಕೂರಿಗೆ ಓಡಿದ್ರು.

ಅಲ್ಲಿನ ಡಾಕ್ಟರ್ ಎಕ್ಸ್‌ರೇ ತೋರಿಸಿದ್ರು: ಉಬ್ಬಿದ ಕರುಳು ಹೊಟ್ಟೆ ತುಂಬ ಒಂದೇ ಕಾಫಿ ಬೀಜದ ಥರ ಕಾಣ್ತಿತ್ತು, ನಡುವಿನ ಗೀರು ಸಮೇತ. ದೊಡ್ಡ ಕರುಳು ಸಾಮಾನ್ಯವಾಗಿ ಸುಮಾರು 5 ಅಡಿ. ನಂದು ಅದಕ್ಕಿಂತ ಬಹಳ ಉದ್ದವಂತೆ. ಜೋತಾಡ್ತಿದ್ದ ಕೊನೆಯ ಕುಣಿಕೆ ಬುಡದಲ್ಲಿ ಹಗ್ಗದ ಹಾಗೆ ತಿರುಚಿಕೊಂಡಿತ್ತು. ರಕ್ತದ ಓಡಾಟ ನಿಂತರೆ ಕರುಳೇ ಕೊಳೆಯುತ್ತೆ. ಮುಚ್ಚಿದ ದಾರಿಗೆ ನಾನು ಹಿಂದಿನಿಂದ ಇನ್ನಷ್ಟು ತಳ್ಳಿದ್ದೆ, ಅಷ್ಟೆ.

ಗುದದ ಮೂಲಕ ಕೊಳವೆ ಬಿಟ್ಟು ತಿರುಚು ಬಿಡಿಸಿದ್ರು. ಹಾಗೇ ಬಿಟ್ರೆ ಮತ್ತೆ ತಿರುಚುತ್ತೆ ಅಂತ ಮೂರು ದಿನ ಬಿಟ್ಟು ಆ ಭಾಗ ಕತ್ತರಿಸಿ ತೆಗೆದ್ರು. ತೆಗೆದದ್ದರ ರಿಪೋರ್ಟ್ ಬಂತು: ಒಳಪೊರೆ ಕಪ್ಪೆ ಚರ್ಮದ ಹಾಗೆ ಕಂದುಗಪ್ಪು. ಸೋನಾಮುಖಿಯ ಗುರುತು ಅದು. ಕ್ಯಾನ್ಸರ್ ಅಲ್ಲ, ಎಲೆ ನಿಲ್ಲಿಸಿದ್ರೆ ಕೆಲವು ತಿಂಗಳಲ್ಲಿ ಮಾಸುತ್ತೆ. ನನ್ನ ಹೆದರಿಸಿದ್ದು ಮುಂದಿನ ಸಾಲು: ಸ್ನಾಯು ದಪ್ಪಗಾಗಿ ನಡುವೆ ನಾರು ಬೆಳೆದಿದೆ, ಕರುಳಿನ ಚಲನೆಗೆ ತಾಳ ಹಾಕೋ ಕಹಾಲ್ ಕೋಶಗಳು ಕಡಿಮೆಯಾಗಿವೆ. ತಾಳ ಹಾಕೋನೇ ಇಲ್ಲದ ಮೇಲೆ ಚಮಚ ಏರಿಸಿ ಏನು ಬಂತು?

ವರ್ಷಗಟ್ಟಲೆ ಮಲಬದ್ಧತೆ ಇದ್ರೆ ಕರುಳು ಪರೀಕ್ಷೆ ಮಾಡಿಸಿ. ಹೊಟ್ಟೆ ಉಬ್ಬಿ ಮಲ, ಗಾಳಿ ಎರಡೂ ನಿಂತ್ರೆ ಚೂರ್ಣ ಬೇಡ, ಹರಳೆಣ್ಣೆ ಬೇಡ. ಸರ್ಜನ್ ಇರೋ ಆಸ್ಪತ್ರೆಗೆ ಅವತ್ತೇ ರಾತ್ರಿ ಹೋಗಿ.

ಮನೆಗೆ ಬಂದಾಗ ಗೂಡಲ್ಲಿ ಅರ್ಧ ಡಬ್ಬಿ ಉಳಿದಿತ್ತು. ಭಾವ "ವೇಸ್ಟ್ ಯಾಕೆ, ನಂಗೆ ಕೊಡು" ಅಂದ್ರು. ಅವರೆದುರೇ ತಿಪ್ಪೆಗೆ ಸುರಿದೆ.