ವಿಂಡೋಲ್ಯಾಂಡಾದ ಮಣ್ಣಿನಲ್ಲಿ ಎರಡು ವಾರ

ಮೊದಲೇ ಹೇಳಿಬಿಡುತ್ತೇನೆ: ಉತ್ತರ ಇಂಗ್ಲೆಂಡಿನ ಹಳೆಯ ರೋಮನ್ ಸೇನಾಕೋಟೆ ವಿಂಡೋಲ್ಯಾಂಡಾದ ಉತ್ಖನನದಲ್ಲಿ ಮಣ್ಣು ಕೆರೆಯಲು ನಾವೇ ದುಡ್ಡು ಕಟ್ಟಿ ಹೋಗಬೇಕು. ಊಟ, ವಸತಿಯ ಖರ್ಚು ಬೇರೆ. ಸೋಮವಾರದಿಂದ ಶುಕ್ರವಾರದವರೆಗೆ, ಎರಡು ವಾರ, ಮೊಣಕಾಲೂರಿ ಕೆಲಸ. ಕಳೆದ ಜೂನ್‌ನಲ್ಲಿ ರಜೆ ಹಾಕಿ ಹೋಗಿ ಬಂದೆ. ಕೊಟ್ಟ ಹಣದ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ.

ನಾನು ಶಿರಸಿ ಕಡೆಯವಳು, ನ್ಯೂಕಾಸಲ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಇತಿಹಾಸ ಓದಿದವಳಲ್ಲ. ಅನುಭವ ಇಲ್ಲದವರನ್ನೂ ಸ್ವಯಂಸೇವಕರಾಗಿ ತೆಗೆದುಕೊಳ್ಳುತ್ತಾರೆ ಎಂದು ಗೊತ್ತಾದ ಮೇಲೆಯೇ ಅರ್ಜಿ ಹಾಕಿದ್ದು.

ಜಾಗ ರೋಮನ್ನರು ಗಡಿಗೆ ಕಟ್ಟಿದ ಹೇಡ್ರಿಯನ್ ಗೋಡೆಯಿಂದ ದಕ್ಷಿಣಕ್ಕೆ ಸುಮಾರು ಒಂದು ಮೈಲಿ. ಗೋಡೆಯ ಕೆಲಸ ಶುರುವಾದದ್ದು ಕ್ರಿ.ಶ. 122ರಲ್ಲಿ (ಆ ದಾರಿಯಲ್ಲಿ ಓಡುವ ಬಸ್ಸಿಗೂ ಅದೇ ನಂಬರು, ಎಡಿ 122). ಇಲ್ಲಿನ ಮೊದಲ ಮರದ ಕೋಟೆ ಅದಕ್ಕೂ ಮೂರ್ನಾಲ್ಕು ದಶಕ ಹಿಂದಿನದು. ಮುಂದೆ ಹಳೆಯದನ್ನು ಕೆಡವಿ, ಜೇಡಿಮಣ್ಣೂ ಹುಲ್ಲುಹೆಂಟೆಯೂ ಹಾಸಿ, ಅದರ ಮೇಲೆ ಮತ್ತೊಂದು ಎಂದು ಒಟ್ಟು ಒಂಬತ್ತು ಕೋಟೆ ಕಟ್ಟಿದರು. ಹಾಗೆ ಮುಚ್ಚಿಹೋದ ಒದ್ದೆ ಪದರಗಳಿಗೆ ಗಾಳಿ ತಾಗಲಿಲ್ಲ. ಅದಕ್ಕೇ ಮರ, ಚರ್ಮ, ಬಟ್ಟೆ ಕೊಳೆಯದೆ ಉಳಿದಿವೆ. ಮ್ಯೂಸಿಯಮ್ಮಿನ ಗಾಜಿನ ಹಿಂದೆ ಚಪ್ಪಲಿ, ಬೂಟುಗಳ ಸಾಲು ನೋಡಿದರೆ ಮನೆ ಬಾಗಿಲಲ್ಲಿ ಬಿಟ್ಟಂತಿವೆ. ಕೂಸುಗಳ ಕಾಲಿನವೂ ಇವೆ.

ನನ್ನ ಪಾಲಿಗೆ ಬಂದದ್ದು ಮೇಲಿನ ಪದರ, ಕಲ್ಲಿನ ಕಟ್ಟಡದ ಒಂದು ಮೂಲೆ. ಮೊದಲ ಮೂರು ದಿನ ಕಲ್ಲು, ಮಣ್ಣು, ತಳ್ಳುಗಾಡಿ, ಮಳೆ, ಇಷ್ಟೇ. ಕರಣಿಯ ಮೊನೆಯಿಂದ ಅಗೆಯಬಾರದು, ಅಂಚಿನಿಂದ ನಮ್ಮ ಕಡೆಗೆ ಕೆರೆದುಕೊಳ್ಳಬೇಕು ಎಂದು ಮೇಲ್ವಿಚಾರಕಿ ನನ್ನ ಕೈ ಹಿಡಿದೇ ತೋರಿಸಿದರು. ಮಣ್ಣಿನ ಬಣ್ಣ ಬದಲಾದರೆ ಕೈ ನಿಲ್ಲಿಸಿ ಕರೆಯಬೇಕು. ಎಷ್ಟು ಸಲ ಕರೆದರೂ ಅವರು ಬೇಸರಿಸಲಿಲ್ಲ. ಹೊಸಬರಿಗೆ ಕಲಿಸುವವರಲ್ಲಿ ಈ ಸಹನೆ ಇರುವುದು ಅಪರೂಪ. ನಮ್ಮ ವಾರ್ಡಿಗೆ ಬರುವ ಹೊಸ ಹುಡುಗಿಯರಿಗೂ ಇಂಥವರು ಸಿಗಲಿ ಅನಿಸಿತು.

ನಾಲ್ಕನೇ ದಿನ ಕರಣಿ ಕಿರ್ ಎಂದಿತು. ಹೆಬ್ಬೆರಳಿನಷ್ಟು ಕೆಂಪು ಚೂರು. ನೀರಲ್ಲಿ ಹಿಡಿದು ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದಾಗ ಹೊಳಪು ಬಂತು, ನಿನ್ನೆ ಪಾಲಿಶ್ ಮಾಡಿದ ಹಾಗೆ. ಸೇಮಿಯನ್ ಎನ್ನುವ ಊಟದ ಪಾತ್ರೆಯ ಅಂಚಂತೆ ಅದು, ಈಗಿನ ಫ್ರಾನ್ಸ್ ಇರುವ ಗಾಲ್ ಪ್ರಾಂತ್ಯದಿಂದ ತರಿಸುತ್ತಿದ್ದ ಮಾಲು. ತುದಿಯಲ್ಲಿ ಬೆರಳಾಡಿಸಿದರೆ ತುಟಿ ತಾಗುವ ಜಾಗದ ನುಣುಪು ಗೊತ್ತಾಗುತ್ತಿತ್ತು. ಪದರದ ಸಂಖ್ಯೆ ಬರೆದ ಚೀಲಕ್ಕೆ ಹಾಕಿ ಒಪ್ಪಿಸಿದೆ. ಸಂಖ್ಯೆ ತಪ್ಪಿದರೆ ಆ ಚೂರಿಗೆ ಊರೇ ಇಲ್ಲದ ಹಾಗೆ.

ಈ ಜಾಗದ ನಿಜವಾದ ಸಂಪತ್ತು ಕಾಗದಗಳು. ಕಾಗದವೆಂದರೆ ಒಂದೆರಡು ಮಿಲಿಮೀಟರ್ ದಪ್ಪದ ಮರದ ಹಲಗೆ, ಮಸಿಯಲ್ಲಿ ಬರೆದದ್ದು. 1973ರಲ್ಲಿ ಪುರಾತತ್ವಜ್ಞ ರಾಬಿನ್ ಬರ್ಲಿಯವರಿಗೆ ಮೊದಲು ಸಿಕ್ಕವು. ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ಕೆಲವು ಇಲ್ಲೇ ನೋಡಲು ಸಿಗುತ್ತವೆ. ಸಂಜೆ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಅವುಗಳ ಅನುವಾದ ಓದುತ್ತಿದ್ದೆ. ಒಂದರಲ್ಲಿ ಇಲ್ಲಿದ್ದ ರೋಮನ್ ಸೈನ್ಯದ ಟಂಗ್ರಿಯನ್ ಪಡೆಯ ಹಾಜರಿ ಇದೆ: ಒಟ್ಟು 752 ಜನ, ಕೋಟೆಯಲ್ಲಿ ಇದ್ದವರು 296. ಅವರಲ್ಲಿ ಕಾಯಿಲೆ ಬಿದ್ದವರು 15, ಗಾಯಾಳುಗಳು 6, ಕಣ್ಣುಬೇನೆಯವರು 10. ನನ್ನ ಕಣ್ಣು ಅಲ್ಲೇ ನಿಂತಿತು. ರಾತ್ರಿ ಪಾಳಿ ಮುಗಿಸಿ ಬೆಳಗಿನವರಿಗೆ ನಾವು ವಾರ್ಡು ಒಪ್ಪಿಸುವುದೂ ಇದೇ ಧಾಟಿಯಲ್ಲಿ. ಆ ಹತ್ತು ಜನರ ಕಣ್ಣು ತೊಳೆದವರು ಯಾರು ಎಂದು ತುಂಬಾ ಹೊತ್ತು ಯೋಚಿಸಿದೆ.

ಇನ್ನೊಂದು ಲೆಕ್ಕದ ಹಲಗೆಯಲ್ಲಿ ಗ್ಯಾಂಬ್ಯಾಕ್ಸ್ ಎಂಬ ಸೈನಿಕನ ಹೆಸರಿನ ಮುಂದೆ ಕಾಳುಮೆಣಸು, ಎರಡು ದಿನಾರಿಯಸ್ (ರೋಮನ್ನರ ಬೆಳ್ಳಿ ನಾಣ್ಯ) ಎಂದಿದೆ. ರೋಮನ್ನರಿಗೆ ಕಾಳುಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಮಲಬಾರಿನ ಮುಸಿರಿಸ್‌ನಂಥ ಬಂದರುಗಳಿಂದ. ಅಂದೇ ಊರಿಗೆ ಫೋನು ಮಾಡಿದೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಲೇ ವಯಸ್ಸಾದ ಅಪ್ಪಯ್ಯ ಒಂದು ಕ್ಷಣ ಸುಮ್ಮನಿದ್ದು, “ಅಲ್ಲೀವರೆಗೂ ಹೋಗಿತ್ತನೇ ಕೂಸೇ?” ಅಂದರು.

ದೂರು ಒಂದಿದೆ, ಅದು ಉತ್ಖನನದವರ ಮೇಲಲ್ಲ. ನಾನು ಉಳಿದ ಖಾಸಗಿ ವಸತಿಯಲ್ಲಿ ಬಟ್ಟೆ ಒಣಗಿಸುವ ಕೋಣೆ ಇದೆ ಎಂದು ಹೇಳಿ ದುಡ್ಡು ತೆಗೆದುಕೊಂಡಿದ್ದರು. ಹೋದರೆ ಕೋಣೆಗೆ ಬೀಗ. ನಾಲ್ಕು ದಿನ ಒದ್ದೆ ಪ್ಯಾಂಟನ್ನೇ ಮತ್ತೆ ಹಾಕಿಕೊಂಡು ಹೋದೆ. ಬುಕ್ ಮಾಡುವ ಮೊದಲು ಫೋನು ಮಾಡಿ ಕೇಳಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ.

ಪದವಿಗೆ ಅಂಕ ಬೇಕಿರುವ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಗಳೇ ನಡೆಸುವ ಶಿಬಿರ ಹುಡುಕುವುದು ಒಳ್ಳೆಯದು. ಮೊಣಕಾಲು ನೋವಿರುವವರು ಎರಡು ಸಲ ಯೋಚಿಸಿ. ಉಳಿದವರು ಹಿಂದಿನ ವರ್ಷದ ಕೊನೆಯಲ್ಲೇ ಅರ್ಜಿಯ ದಿನ ವಿಚಾರಿಸಿಕೊಳ್ಳಿ, ಜಾಗಗಳು ಬೇಗ ತುಂಬಿಹೋಗುತ್ತವೆ. ಮೊಣಕಾಲಿಗೆ ದಪ್ಪ ಮೆತ್ತೆ, ಎರಡು ಜೊತೆ ಕೈಗವಸು, ನೀರಿಳಿಯದ ಬೂಟು ಇರಲಿ. ನಾನು ಮುಂದಿನ ಬೇಸಿಗೆಗೆ ರಜೆ ಈಗಲೇ ಕೇಳಿಟ್ಟಿದ್ದೇನೆ.