ಅಲರ್ ನಿಘಂಟು: ಐದು ವರ್ಷ ಬಳಸಿದ ಮೇಲೆ

ಅನುವಾದ ನನ್ನ ಕೆಲಸ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ನಿಘಂಟು ನೋಡಬೇಕಾಗುತ್ತದೆ. ಐದು ವರ್ಷದಿಂದ ಜಾಸ್ತಿ ನೋಡುವುದು ಅಲರ್ ಜಾಲತಾಣವನ್ನೇ. ಕನ್ನಡ ಪದಕ್ಕೆ ಇಂಗ್ಲಿಷ್ ಅರ್ಥ ಹೇಳುತ್ತದೆ. ಅಲರ್ ಅಂದರೆ ಹಳಗನ್ನಡದಲ್ಲಿ ಹೂವು.

ತೆರೆದ ಕೂಡಲೇ ಕಣ್ಣಿಗೆ ಬೀಳುವುದು ಹುಡುಕುವ ಪೆಟ್ಟಿಗೆ. ಜಾಹೀರಾತಿಲ್ಲ, ಲಾಗಿನ್ ಆಗಿ ಎಂಬ ಕಾಟವಿಲ್ಲ. ಬಸ್ಸಿನಲ್ಲಿ ಸಿಗ್ನಲ್ ಸರಿಯಿಲ್ಲದಾಗಲೂ ನನ್ನ ಹಳೇ ಫೋನಿನಲ್ಲಿ ಬೇಗ ತೆರೆದುಕೊಳ್ಳುತ್ತದೆ.

ಆದರೆ ನಾನು ಇದಕ್ಕೆ ಅಂಟಿಕೊಂಡಿದ್ದಕ್ಕೆ ಕಾರಣ ಬೇರೆ. ತಪ್ಪು ಬರೆದರೂ ಪದ ಸಿಗುತ್ತದೆ. ‘ಸಂಬಂಧ’ದಲ್ಲಿ ಯಾವ ಅಕ್ಷರಕ್ಕೆ ಹೊಟ್ಟೆ ಸೀಳಬೇಕು ಎಂದು ಎಷ್ಟು ಜನ ತಡವರಿಸುತ್ತಾರೆ, ಅಲ್ವಾ? ಇಲ್ಲಿ ‘ಸಂಭಂದ’ ಎಂದು ಬರೆದರೂ ಚಿಂತೆಯಿಲ್ಲ. ತಾಣವನ್ನು ಕಟ್ಟಿದ ಕೈಲಾಶ್ ನಾಧ್, ಪದ ಕಿವಿಗೆ ಹೇಗೆ ಕೇಳಿಸುತ್ತದೋ ಅದನ್ನೇ ಸಂಕೇತವಾಗಿಸುವ ವಿಧಾನವನ್ನು ಬರೆದಿದ್ದಾರೆ. ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದರೂ ಸಂಕೇತ ತಾಳೆಯಾಗುತ್ತದೆ.

ಹೋದ ವರ್ಷ ಬೇರೊಂದು ಸೈಟಿನಲ್ಲಿ ಅರ್ಜಿ ತುಂಬುತ್ತಿದ್ದೆ. ಹುಟ್ಟಿದ ದಿನಾಂಕದಲ್ಲಿ ಅಡ್ಡಗೆರೆಯ ಬದಲು ಚುಕ್ಕಿ ಇಟ್ಟಿದ್ದೆ. ಮೂರು ಪುಟ ತುಂಬಿದ್ದೆಲ್ಲ ಅಳಿಸಿಹೋಯಿತು. ಏನು ತಪ್ಪಾಯಿತೆಂದೂ ಹೇಳಲಿಲ್ಲ. ಅಂದು ನಿಜಕ್ಕೂ ಅಳು ಬಂದಿತ್ತು. ಬಳಸುವವರು ತಪ್ಪುತ್ತಾರೆ ಎಂದು ಮೊದಲೇ ಯೋಚಿಸಿ ಕಟ್ಟಿದ ತಾಣಕ್ಕೂ ಯೋಚಿಸದೆ ಕಟ್ಟಿದ್ದಕ್ಕೂ ಎಷ್ಟು ಅಂತರ!

ಫಲಿತಾಂಶದ ಪುಟವೂ ಓದಲು ಹಗುರ. ‘ಅರಿ’ ಎಂದು ಹುಡುಕಿ. ತಿಳಿ, ಕತ್ತರಿಸು, ಶತ್ರು ಎಲ್ಲವೂ ಆ ಎರಡಕ್ಷರದ ಅರ್ಥಗಳೇ. ನಾಮಪದ, ಕ್ರಿಯಾಪದ ಬೇರೆಬೇರೆಯಾಗಿ, ಅರ್ಥಗಳು ಸಾಲಾಗಿ ಸಿಗುತ್ತವೆ.

ಪದಗಳು ವಿ. ಕೃಷ್ಣ ಅವರ ದುಡಿಮೆ. ಒಬ್ಬರೇ ಕೂತು ದಶಕಗಟ್ಟಲೆ ಸಂಗ್ರಹಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದ! 2019ರಲ್ಲಿ ತಾಣ ಶುರುವಾದಾಗ ಅಷ್ಟನ್ನೂ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಬಳಸುವಾಗಲೆಲ್ಲ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಪದವನ್ನು ಹಳೆಯ ಕವಿಗಳು ಎಲ್ಲಿ ಹೇಗೆ ಬಳಸಿದ್ದಾರೆಂದು ನೋಡಬೇಕಾದರೆ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟನ್ನೇ ತೆಗೆಯುತ್ತೇನೆ. ಅದರ ಕೆಲಸ ಬೇರೆ.

ಪುಣೆಯಲ್ಲಿ ಬೆಳೆದ ಅಕ್ಕನ ಮಗಳು ಈಗೀಗ ಕನ್ನಡ ಕಲಿಯುತ್ತಿದ್ದಾಳೆ. ಕಿವಿಗೆ ಬಿದ್ದಂತೆ ಬರೆಯುವುದು ಅವಳ ಅಭ್ಯಾಸ. ಮೊನ್ನೆ ‘ಗನತೆ’ ಎಂದು ಬರೆದು, ಸಿಕ್ಕ ಅರ್ಥ ಓದಿ, “ಚಿಕ್ಕಮ್ಮ, ಇದು ದೊಡ್ಡ ಘ ಅಂತೆ” ಎಂದು ಅವಳೇ ನನಗೆ ತೋರಿಸಿದಳು.